ರಜೆ ಕಳೆದು

ಕಪ್ಪು ಪರದೆಯ ಮೇಲೆ ಒಂದೇ ಸಾಲು ಬರೆದರೆ ಸಾಕು:
ಇಂಥ ದಿನದಿಂದ, ಇಂಥ ದಿನದವರೆಗೆ,
ಶುಕ್ರವಾರ ಬಿಡು,
ರಜೆಯ ಕಡತದಲ್ಲಿರುವುದನ್ನೂ ಬಿಡು.
ಎಂಟರ್ ಒತ್ತಿದರೆ ಸುರಿಯುತ್ತವೆ ತಾರೀಖುಗಳು
ಮೊರದಿಂದ ಅಕ್ಕಿ ಜಾರಿದ ಹಾಗೆ,
ಕಲ್ಲು ಹಿಂದೆ ಉಳಿದು.

ಇದನ್ನು ಮಾಡಿಟ್ಟವನು ಹಮೂದ್, ನಿಜ್ವಾದ ಹುಡುಗ.
ಚಿತ್ರವಿಲ್ಲ, ಬಟನ್ನಿಲ್ಲ, ಮೌಸಿಗೆ ಕೆಲಸವಿಲ್ಲ.
ಹೇಳಿದ್ದು ಕೇಳುತ್ತದೆ, ಕೇಳಿದ್ದು ಕೊಡುತ್ತದೆ.
ಸೊಹಾರ್ ಬಂದರಿನ ಈ ತಗಡಿನ ಆಫೀಸಿನಲ್ಲಿ
ಅಷ್ಟು ಮಾಡುವವರು ಬೇರೆ ಯಾರಿದ್ದಾರೆ?

ಒಂದಕ್ಕೆ ಮಾತ್ರ ಜಗ್ಗುವುದಿಲ್ಲ.
ಚಂದ್ರ ಕಂಡರೆ ನಾಳೆ ಈದ್, ಕಾಣದಿದ್ದರೆ ನಾಡಿದ್ದು.
ಹಾಗಂತ ಕಡತದಲ್ಲೊಮ್ಮೆ ಪ್ರಶ್ನೆಚಿಹ್ನೆ ಹಾಕಿದೆ.
"ಸಾಲು ಹದಿನೇಳು: ಇದು ದಿನಾಂಕವಲ್ಲ" ಎಂದಿತು.
ಪಾಳಿಯ ಚೀಟಿಗೆ ಮೂವತ್ತು ಮಂದಿ ಕಾಯುತ್ತಿದ್ದರು,
ನಾನು ಕಿಟಕಿಯಾಚೆ, ಹೊಗೆಕೊಳವೆಗಳ ನಡುವೆ,
ಉಗುರಿನಷ್ಟು ಬೆಳಕು ಹುಡುಕುತ್ತಿದ್ದೆ.
ಶಿರ್ವದ ಇಗರ್ಜಿಯಲ್ಲಿ ಬೆಳೆದವಳು
ಈದಿನ ಚಂದ್ರನಿಗೆ ಇಷ್ಟು ಕತ್ತು ಚಾಚಿದ್ದು
ಸಂಬಳಪಟ್ಟಿಯ ದೆಸೆಯಿಂದ.

ಫೆಬ್ರವರಿಯ ಕೊನೆಗೆ ಸಂಜೀವ ಖಾರ್ವಿಯ ಲೆಕ್ಕ ಚುಕ್ತಾ.
ಗಂಗೊಳ್ಳಿಯವನು. ಬಂದರಿಗಿನ್ನೂ ಕಲ್ಲು ಸುರಿಯುತ್ತಿದ್ದಾಗ ಬಂದು
ಆಮೇಲೆ ಕ್ರೇನು, ನಲವತ್ತು ಮೀಟರ್ ಎತ್ತರದ ಗಾಜಿನ ಗೂಡು.
ಮೊದಲ ದಿನ ಬರೆದೆ, ಕೊನೆಯ ದಿನ ಬರೆದೆ.
ಏಳು ಸಾವಿರದ ಮುನ್ನೂರ ಐದು.
ಶುಕ್ರವಾರ ಕಳೆದು ಆರು ಸಾವಿರದ ಇನ್ನೂರ ಅರವತ್ತೆರಡು.
ರಜೆ ಕಳೆದು ಆರು ಸಾವಿರದ ನಲವತ್ತೆಂಟು.
(ಊರಿಗೆ ಹೋಗಿಬಂದದ್ದು ಬೇರೆ ಪಟ್ಟಿ.)
ಅವನು ಒಪ್ಪಿದ. ಸಹಿಗೆ ಪೆನ್ನೂ ತೆಗೆದ. ಆಮೇಲೆ,
"ಬಾಯಮ್ಮ, ಅದ್ ಬಿಟ್ಟದ್ದ್ ಯಾವ್ದ್ ಅಂತ ತೋರ್ಸುಕ್ ಆತ್ತಾ?"

ಆಗುತ್ತದೆ. ಒಂದಕ್ಷರ ಸೇರಿಸಿದರೆ ತಿರುಗುಮುರುಗು:
ಉಳಿದದ್ದು ಹೋಗಿ, ಹೋದದ್ದು ಉಳಿಯುತ್ತದೆ.
ಪ್ರಿಂಟರ್ ಕೆಮ್ಮಿ ಕೆಮ್ಮಿ ಇಪ್ಪತ್ತೊಂದು ಹಾಳೆ ಉಗುಳಿತು.
ಸ್ಟೂಲಿನ ಮೇಲೆ ಕೂತು, ಬೆರಳು ಒದ್ದೆ ಮಾಡಿಕೊಂಡು,
ಬಲೆಯ ಹರುಕು ಹುಡುಕುವವನಂತೆ
ಒಂದೊಂದೇ ಸಾಲು ಮುಟ್ಟಿದ.
ಇಪ್ಪತ್ತನೆಯ ಹಾಳೆಯಲ್ಲಿ ನಿಂತ.

ಅಕ್ಟೋಬರಿನ ಒಂದು ಭಾನುವಾರ. ಚಂಡಮಾರುತ.
ಸರಕಾರ ರಜೆ ಸಾರಿತ್ತು.
"ಇದೆಂತದ್ ಮಾರಾಯ್ರೆ, ಆವತ್ತ್ ನಾ ಮೇಲೇ ಇದ್ದೆ ಅಲ್ದಾ."
ಕೊಕ್ಕೆ ಬಿಗಿದು ಇಳಿಯುವಾಗ ಏಣಿಯೇ ತೂಗುತ್ತಿತ್ತಂತೆ.
ಅಂಗೈ ತೋರಿಸಿದ: ತಂತಿಹಗ್ಗ ಸೀಳಿದ ಗೆರೆ,
ಆಯುಷ್ಯದ ಗೆರೆಗೆ ಅಡ್ಡವಾಗಿ.

ಕಡತದಿಂದ ಆ ಸಾಲು ಅಳಿಸಹೋದೆ. ಹಮೂದ್ ತಡೆದ.
ಅದು ಎಲ್ಲರ ರಜೆ. ಅಳಿಸಿದರೆ
ಮುನ್ನೂರು ಮಂದಿ ಆ ಗಾಳಿಯಲ್ಲಿ ದುಡಿದಂತಾಗುತ್ತದೆ.
ಸರಿ, ಅವನೊಬ್ಬನಿಗೇ ಒಂದು ಕಡತ ಮಾಡಿದೆ,
ಎಲ್ಲರದನ್ನೂ ನಕಲಿಸಿ, ಆ ಸಾಲಿನ ಮೊದಲಿಗೆ ಹ್ಯಾಶ್ ಗುರುತು,
ಬಲೆಯ ಒಂದು ಕಣ್ಣಿನಂಥದ್ದು.
ಅದರಾಚೆ ಬರೆದದ್ದನ್ನು ಯಂತ್ರ ಓದುವುದಿಲ್ಲ,
ಅಳಿಸುವುದೂ ಇಲ್ಲ.
"ಖಾರ್ವಿ ಮೇಲಿದ್ದ" ಎಂದು ಬರೆದೆ.
ಆರು ಸಾವಿರದ ನಲವತ್ತೊಂಬತ್ತು.
ದುಪ್ಪಟ್ಟು ಕೂಲಿ, ಹದಿನಾರು ರಿಯಾಲು ನಾನೂರು ಬೈಸಾ.
ಅವನು ಎಣಿಸಲಿಲ್ಲ. ಇಪ್ಪತ್ತನೆಯ ಹಾಳೆಯೊಂದನ್ನು
ಮಡಚಿ ಜೇಬಿಗಿಟ್ಟ.

ಮಾತು ಹೇಗೆ ಹರಡಿತೋ, ಮರುದಿನ ಬಾಗಿಲಲ್ಲಿ
ಮೆಸ್ಸಿನ ಮೊಫಿಜುಲ್, ನೋವಾಖಾಲಿಯವನು,
ಕೈತುಂಬ ಈರುಳ್ಳಿಯ ವಾಸನೆ.
ತನ್ನ ಹಿಂದಿಯಲ್ಲಿ ಕೇಳಿದ: ಶುಕ್ರವಾರ ಬಿಡು ಅಂತೀರಲ್ಲ,
ಶುಕ್ರವಾರವೇ ಅಲ್ಲವೇ ಬಿರಿಯಾನಿ?
ಈದಿನ ದಿನ ಮೂರು ಹಂಡೆ ಜಾಸ್ತಿ.
ಆ ಗಾಳಿಯ ರಾತ್ರಿ ಶಾಲೆಯಲ್ಲಿ ತುಂಬಿದ್ದವರಿಗೆ
ಬೇಳೆ ಬೇಯಿಸಿದ್ದು ಯಾರು?

ನಾನು ಉತ್ತರಿಸಲಿಲ್ಲ. ಅವನು ಸೇರಿದ ದಿನ ಬರೆದೆ,
ಇವತ್ತಿನ ದಿನ ಬರೆದೆ.
ಬಿಡು ಎಂಬ ಪದಕ್ಕೆ ಬೆರಳು ಹೋಯಿತು, ಹಿಂದೆ ಬಂತು.
ಎಂಟರ್.
ಸುರಿಯಿತು, ಮೊರವಿಲ್ಲದೆ, ಕಲ್ಲು ಅಕ್ಕಿ ಒಟ್ಟಿಗೆ,
ಸುಮಾರು ಹೊತ್ತು ಸುರಿಯಿತು.
ಇಬ್ಬರೂ ನಿಂತು ನೋಡಿದೆವು.
ನಡುವೆ ಒಮ್ಮೆ ಅವನು,
ಅನ್ನಕ್ಕೆ ನೀರಿಟ್ಟು ಬಂದಿದ್ದೇನೆ, ಎಂದ.